ಬಿರುಗಾಳಿಯ ಬಳಿಗೆ ಹೋದ ರೇಡಾರ್

ಬೇಸಿಗೆಯ ಮಧ್ಯಾಹ್ನಗಳಲ್ಲಿ ಆದೋನಿ, ರಾಯದುರ್ಗದ ಕಡೆಯ ಬಯಲು ಹೊಲಗಳಲ್ಲಿ ಧೂಳನ್ನೂ ತರಗೆಲೆಗಳನ್ನೂ ಎತ್ತಿಕೊಂಡು ಸುತ್ತುತ್ತ ಸಾಗುವ ಗಾಳಿಯನ್ನು ನಮ್ಮ ಮಕ್ಕಳು ನೋಡಿರುತ್ತಾರೆ. ಕನ್ನಡದಲ್ಲಿ ಅದನ್ನು ಸುಂಟರಗಾಳಿ ಎನ್ನುವುದು ರೂಢಿ. ಶಾಲೆಯ ಹೊರಗೆ ಅದೇ ಮಕ್ಕಳ ಕಿವಿಗೆ ತೆಲುಗಿನ ‘ಸುಡಿಗಾಲಿ’ ಬೀಳುತ್ತದೆ. ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯ ‘ವಾವಟಳ’, ಹೊಸೂರು, ತಾಳವಾಡಿಗಳಲ್ಲಿ ತಮಿಳಿನ ‘ಸೂರಾವಳಿ’, ಕಾಸರಗೋಡಿನಲ್ಲಿ ಮಲಯಾಳದ ‘ಚುಳಲಿಕ್ಕಾಟ್ಟ್’ ಕೇಳಿಬರುತ್ತವೆ. ಈ ಪದಗಳ ವ್ಯಾಪ್ತಿ ಒಂದೇ ಅಲ್ಲ. ಕೆಲವು ಹೊಲದ ಧೂಳಿನ ಸುಳಿಗೆ ಸಲ್ಲುತ್ತವೆ. ಕೆಲವು ಸಮುದ್ರದಿಂದ ಏರಿಬರುವ, ನೂರಾರು ಕಿಲೋಮೀಟರ್ ಅಗಲದ ಚಂಡಮಾರುತಕ್ಕೂ ಸಲ್ಲುತ್ತವೆ. ಆದುದರಿಂದ ಹವಾಮಾನದ ಪಾಠವನ್ನು ಆರಂಭಿಸುವ ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ.

ಈ ಲೇಖನದಲ್ಲಿ ಬಿಸಿ ನೆಲದಿಂದ ಎದ್ದು ಕೆಲವು ನಿಮಿಷಗಳಲ್ಲಿ ಅಡಗುವ ನಿರುಪದ್ರವಿ ಸುಳಿಯನ್ನು ‘ಧೂಳುಸುಳಿ’ ಎಂದೂ, ದೊಡ್ಡ ಗುಡುಗುಮೋಡದ ತಳದಿಂದ ನೆಲದವರೆಗೆ ಚಾಚಿಕೊಂಡು ರಭಸವಾಗಿ ತಿರುಗುವ ಗಾಳಿಯ ಕಂಬವನ್ನು, ಎಂದರೆ ಟೊರ್ನೆಡೊವನ್ನು, ‘ಸುಂಟರಗಾಳಿ’ ಎಂದೂ, ಸಮುದ್ರದ ಮೇಲೆ ಹುಟ್ಟುವ ಬೃಹತ್ ವ್ಯವಸ್ಥೆಯನ್ನು ‘ಚಂಡಮಾರುತ’ ಎಂದೂ ಕರೆಯಲಾಗಿದೆ. ಇವುಗಳಲ್ಲಿ ಎರಡನೆಯದನ್ನು ಅಳೆಯುವುದಕ್ಕಾಗಿ ಅಮೆರಿಕದ ವಿಜ್ಞಾನಿಗಳು ರೇಡಾರನ್ನು ಲಾರಿಯ ಮೇಲೆ ಏರಿಸಿ ಬಿರುಗಾಳಿಯ ಹತ್ತಿರಕ್ಕೆ ಕೊಂಡೊಯ್ದ ಕಥೆಯೇ ಇಲ್ಲಿಯ ವಿಷಯ. ಮಾಧ್ಯಮಿಕ ತರಗತಿಗಳಲ್ಲಿ ಕಲಿಸುವ ಪ್ರತಿಧ್ವನಿ, ತರಂಗ, ಕೋನ, ವೃತ್ತ ಇವೆಲ್ಲ ಈ ಒಂದು ಕಥೆಯಲ್ಲಿ ಒಟ್ಟಿಗೆ ಬರುತ್ತವೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಒಂದು ಉಪಕರಣಕ್ಕೆ ಏನು ಕಾಣುವುದಿಲ್ಲ ಎಂಬುದನ್ನು ಅರಿತವರೇ ಅದನ್ನು ಸರಿಯಾಗಿ ಬಳಸಬಲ್ಲರು ಎಂಬುದನ್ನು ಈ ಕಥೆ ತಿಳಿಸಿಕೊಡುತ್ತದೆ.

ರೇಡಾರ್ ನೋಡುವ ಬಗೆ

ಆಳವಾದ ಬಾವಿಯೊಳಗೆ ಕೂಗಿದರೆ ಮಾರ್ದನಿ ಕೇಳುತ್ತದೆ. ಕೂಗಿಗೂ ಮಾರ್ದನಿಗೂ ನಡುವಿನ ಕಾಲವನ್ನು ಅಳೆದರೆ ಬಾವಿಯ ಆಳವನ್ನು ಹೇಳಬಹುದು. ರೇಡಾರ್ ಮಾಡುವುದೂ ಇದನ್ನೇ. ಆದರೆ ಅದು ಕಳುಹಿಸುವುದು ಶಬ್ದವನ್ನಲ್ಲ, ರೇಡಿಯೋ ತರಂಗಗಳ ಕಿರು ಸ್ಪಂದವನ್ನು. ಆ ತರಂಗವು ಸೆಕೆಂಡಿಗೆ 3,00,000 ಕಿ.ಮೀ. ವೇಗದಲ್ಲಿ ಹೋಗಿ, ಮಳೆಹನಿ, ಆಲಿಕಲ್ಲು ಅಥವಾ ಗಾಳಿ ಎತ್ತಿಕೊಂಡ ಕಸಕ್ಕೆ ತಾಗಿ, ಅದರ ಅತ್ಯಲ್ಪ ಅಂಶ ಹಿಂದಿರುಗುತ್ತದೆ. 100 ಕಿ.ಮೀ. ದೂರದ ಮಳೆಯಿಂದ ಮಾರ್ದನಿ ಬರಲು, ಹೋಗಿ ಬರುವ 200 ಕಿ.ಮೀ.ಗೆ, ಸೆಕೆಂಡಿನ 1,500ರಲ್ಲಿ ಒಂದು ಭಾಗ ಸಾಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳನ್ನು ಹುಡುಕುತ್ತಿದ್ದ ರೇಡಾರ್ ನಿರ್ವಾಹಕರಿಗೆ ಮಳೆಯ ಮಾರ್ದನಿ ಒಂದು ತೊಡಕಾಗಿತ್ತು. ಯುದ್ಧ ಮುಗಿದ ಮೇಲೆ ಆ ತೊಡಕನ್ನೇ ಹವಾಮಾನ ವಿಜ್ಞಾನಿಗಳು ವಿದ್ಯೆಯನ್ನಾಗಿ ಮಾಡಿಕೊಂಡರು. 1953ರ ಏಪ್ರಿಲ್ 9ರಂದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಸುಂಟರಗಾಳಿಯನ್ನು ಹೊತ್ತ ಮೋಡದ ಅಂಚಿನಲ್ಲಿ ಕೊಕ್ಕೆಯಾಕಾರದ ಮಾರ್ದನಿಯೊಂದು ಮೊದಲ ಬಾರಿಗೆ ರೇಡಾರ್ ಪರದೆಯ ಮೇಲೆ ದಾಖಲಾಯಿತು.

ಮಳೆ ಎಲ್ಲಿದೆ ಎಂಬುದು ಮಾರ್ದನಿಯ ಕಾಲದಿಂದ ತಿಳಿಯುತ್ತದೆ. ಗಾಳಿ ಎಷ್ಟು ವೇಗವಾಗಿ ಬೀಸುತ್ತಿದೆ ಎಂಬುದನ್ನು ತಿಳಿಯಲು ಇನ್ನೊಂದು ತತ್ತ್ವ ಬೇಕು. ಸೊಲ್ಲಾಪುರ, ಆದೋನಿ, ಕಾಸರಗೋಡುಗಳಂತಹ ರೈಲು ಮಾರ್ಗದ ಊರುಗಳಲ್ಲಿ ಮಕ್ಕಳು ಇದನ್ನು ಕಿವಿಯಿಂದಲೇ ಬಲ್ಲರು. ನಿಲ್ಲದೆ ಹಾದುಹೋಗುವ ರೈಲಿನ ಸೀಟಿ ನಮ್ಮತ್ತ ಬರುವಾಗ ಏರಿದ ಸ್ವರದಲ್ಲಿ, ನಮ್ಮನ್ನು ದಾಟಿ ಹೋಗುವಾಗ ಇಳಿದ ಸ್ವರದಲ್ಲಿ ಕೇಳಿಸುತ್ತದೆ. ಈ ಪರಿಣಾಮವನ್ನು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದನು. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿ ತುತ್ತೂರಿ ಊದುವವರನ್ನು ರೈಲಿನಲ್ಲಿ ಕೂರಿಸಿ, ಸ್ವರಜ್ಞಾನವುಳ್ಳವರನ್ನು ಹಳಿಯ ಪಕ್ಕದಲ್ಲಿ ನಿಲ್ಲಿಸಿ ಇದನ್ನು ಪರೀಕ್ಷಿಸಿದನು.

ರೇಡಾರಿನಲ್ಲಿಯೂ ಹಾಗೆಯೇ. ಮಳೆಹನಿಗಳು ರೇಡಾರಿನತ್ತ ಬರುತ್ತಿದ್ದರೆ ಹಿಂದಿರುಗುವ ತರಂಗದ ಆವೃತ್ತಿ ತುಸು ಏರುತ್ತದೆ. ದೂರ ಸರಿಯುತ್ತಿದ್ದರೆ ತುಸು ಇಳಿಯುತ್ತದೆ. ಈ ‘ತುಸು’ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. 3 ಸೆಂ.ಮೀ. ತರಂಗದೂರದ ರೇಡಾರ್ ಸೆಕೆಂಡಿಗೆ ಸುಮಾರು 1,000 ಕೋಟಿ ಕಂಪನಗಳ ತರಂಗವನ್ನು ಕಳುಹಿಸುತ್ತದೆ. ಸೆಕೆಂಡಿಗೆ 100 ಮೀಟರ್ ವೇಗದ ಗಾಳಿ ಅದರಲ್ಲಿ ಉಂಟುಮಾಡುವ ವ್ಯತ್ಯಾಸ ಸುಮಾರು 6,700 ಕಂಪನಗಳು ಮಾತ್ರ. ಇದನ್ನು ನೇರವಾಗಿ ಎಣಿಸುವುದಿಲ್ಲ. ಒಂದರ ಹಿಂದೆ ಒಂದರಂತೆ ಬರುವ ಸ್ಪಂದಗಳ ಮಾರ್ದನಿಯಲ್ಲಿ ತರಂಗದ ಹಂತ ಎಷ್ಟು ಸರಿದಿದೆ ಎಂಬುದನ್ನು ಹೋಲಿಸಿ ವೇಗವನ್ನು ಕಂಡುಕೊಳ್ಳುತ್ತಾರೆ. 1973ರ ಮೇ 24ರಂದು ಒಕ್ಲಹೋಮ ರಾಜ್ಯದ ಯೂನಿಯನ್ ಸಿಟಿಯ ಬಳಿ ಬೀಸಿದ ಸುಂಟರಗಾಳಿಯನ್ನು ನಾರ್ಮನ್ ಪಟ್ಟಣದ ರಾಷ್ಟ್ರೀಯ ತೀವ್ರ ಬಿರುಗಾಳಿ ಪ್ರಯೋಗಾಲಯದ ಡಾಪ್ಲರ್ ರೇಡಾರ್ ಈ ರೀತಿ ನೋಡಿತು. ಒಂದಕ್ಕೊಂದು ತಾಗಿಕೊಂಡ ಎರಡು ತಾಣಗಳಲ್ಲಿ, ಒಂದು ಕಡೆ ರೇಡಾರಿನತ್ತ ಬರುವ, ಮತ್ತೊಂದು ಕಡೆ ರೇಡಾರಿನಿಂದ ದೂರ ಹೋಗುವ ಪ್ರಬಲ ಗಾಳಿ ಕಂಡಿತು. ಗಾಳಿ ಸುತ್ತುತ್ತಿದೆ ಎಂಬುದಕ್ಕೆ ಅದೇ ಗುರುತು. ಆ ಅನುಭವದ ಬಲದಿಂದ 1990ರ ದಶಕದಲ್ಲಿ ಅಮೆರಿಕದಾದ್ಯಂತ ಸುಮಾರು 160 ಡಾಪ್ಲರ್ ರೇಡಾರುಗಳ ಜಾಲ ಸ್ಥಾಪನೆಯಾಯಿತು.

ದೂರದ ರೇಡಾರಿಗೆ ಕಾಣದ ಭಾಗ

ಇಷ್ಟು ದೊಡ್ಡ ಜಾಲವಿದ್ದರೂ ಸುಂಟರಗಾಳಿಯ ಮುಖ್ಯ ಭಾಗ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಇದಕ್ಕೆ ಮೂರು ಕಾರಣಗಳಿವೆ. ಮೂರೂ ತರಗತಿಯಲ್ಲಿ ಲೆಕ್ಕ ಮಾಡಿ ತೋರಿಸಬಹುದಾದುವು.

ಮೊದಲನೆಯದು ಭೂಮಿಯ ಬಾಗು. ರೇಡಾರಿನ ಕಿರಣ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ನೆಲವಾದರೋ ಅದರ ಕೆಳಗೆ ಬಾಗಿ ಇಳಿಯುತ್ತದೆ. ದೂರದ ವರ್ಗವನ್ನು ಭೂಮಿಯ ವ್ಯಾಸದಿಂದ ಭಾಗಿಸಿದರೆ ಈ ಇಳಿತ ಸಿಗುತ್ತದೆ. 100 ಕಿ.ಮೀ. ದೂರಕ್ಕೆ ಅದು ಸುಮಾರು 785 ಮೀಟರ್. ವಾಯುಮಂಡಲವು ಕಿರಣವನ್ನು ತುಸು ಕೆಳಕ್ಕೆ ಬಾಗಿಸುವುದರಿಂದ ವಾಸ್ತವದಲ್ಲಿ 600 ಮೀಟರ್ ಎಂದು ಇಟ್ಟುಕೊಳ್ಳಬಹುದು. ಇದರ ಮೇಲೆ, ನೆಲದ ಅಡಚಣೆಗಳು ತಾಗದಂತೆ ಕಿರಣವನ್ನು ಅರ್ಧ ಡಿಗ್ರಿ ಮೇಲಕ್ಕೆ ಎತ್ತಿರುತ್ತಾರೆ; ಅದರಿಂದ ಇನ್ನೂ 870 ಮೀಟರ್ ಸೇರುತ್ತದೆ. ಒಟ್ಟಿನಲ್ಲಿ 100 ಕಿ.ಮೀ. ಆಚೆಗಿನ ಊರಿನ ಮೇಲೆ ರೇಡಾರಿಗೆ ಕಾಣುವುದು ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿ. ಮನೆಗಳಿರುವುದು ನೆಲದ ಮೇಲೆ.

ಎರಡನೆಯದು ಕಿರಣದ ಅಗಲ. ಟಾರ್ಚಿನ ಬೆಳಕಿನಂತೆ ರೇಡಾರ್ ಕಿರಣವೂ ದೂರ ಹೋದಂತೆ ಹರಡುತ್ತದೆ. 1 ಡಿಗ್ರಿ ಅಗಲದ ಕಿರಣ 10 ಕಿ.ಮೀ. ದೂರದಲ್ಲಿ 175 ಮೀಟರ್ ಅಗಲವಿದ್ದರೆ, 100 ಕಿ.ಮೀ. ದೂರದಲ್ಲಿ 1,750 ಮೀಟರ್ ಆಗುತ್ತದೆ. ಬಹುಪಾಲು ಸುಂಟರಗಾಳಿಗಳು ಕೆಲವು ನೂರು ಮೀಟರಿಗಿಂತ ಅಗಲವಿರುವುದಿಲ್ಲ. ದಪ್ಪ ಕುಂಚದಿಂದ ಸಣ್ಣ ಅಕ್ಷರ ಬರೆಯಲು ಹೊರಟಂತೆ, ದೂರದ ರೇಡಾರ್ ಸುಳಿಯ ಎರಡೂ ಬದಿಗಳನ್ನು ಒಂದರಲ್ಲಿ ಒಂದು ಬೆರೆಸಿಬಿಡುತ್ತದೆ.

ಮೂರನೆಯದು ಕಾಲ. ಸ್ಥಿರ ರೇಡಾರಿನ ಆಂಟೆನಾ ಒಂದೊಂದು ಕೋನದಲ್ಲಿ ಒಂದೊಂದು ಸುತ್ತು ತಿರುಗಿ ಮೋಡದ ಪೂರ್ಣ ಚಿತ್ರವನ್ನು ಕೊಡಲು ಸಾಮಾನ್ಯವಾಗಿ 4ರಿಂದ 6 ನಿಮಿಷ ಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುವ ಸುಂಟರಗಾಳಿ 5 ನಿಮಿಷಗಳಲ್ಲಿ 4 ಕಿ.ಮೀ.ಗಿಂತ ಹೆಚ್ಚು ದೂರ ಹೋಗಿರುತ್ತದೆ. ಅಷ್ಟರೊಳಗೆ ಹುಟ್ಟಿ ಅಳಿದುಹೋಗುವ ಸುಂಟರಗಾಳಿಗಳೂ ಇವೆ.

ಲಾರಿಯ ಮೇಲೆ ಏರಿದ ರೇಡಾರ್

ಈ ಮೂರು ಕೊರತೆಗಳಿಗೂ ಪರಿಹಾರ ಒಂದೇ: ಹತ್ತಿರ ಹೋಗುವುದು. ಆದರೆ ಸುಂಟರಗಾಳಿ ಎಲ್ಲಿ ಹುಟ್ಟುವುದೆಂದು ಮೊದಲೇ ತಿಳಿಯದು. ಮೆಕ್ಸಿಕೋ ಕೊಲ್ಲಿಯ ತೇವದ ಗಾಳಿಯೂ ಪಶ್ಚಿಮದ ಒಣಗಾಳಿಯೂ ಸಂಧಿಸುವ ಅಮೆರಿಕದ ನಡುನಾಡಿನ ಬಯಲು ಬಹಳ ವಿಶಾಲವಾದದ್ದು. ಎತ್ತರ ಏರಿದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುವ ದಿನಗಳಲ್ಲಿ ಅಲ್ಲಿಯ ಗುಡುಗುಮೋಡಗಳು ತಾವೇ ತಿರುಗತೊಡಗುತ್ತವೆ. ಇಂತಹ ತಿರುಗುವ ಮೋಡಕ್ಕೆ ಸೂಪರ್‌ಸೆಲ್ ಎಂದು ಹೆಸರು. ದೇಶದಲ್ಲಿ ವರ್ಷಕ್ಕೆ 1,000ಕ್ಕೂ ಹೆಚ್ಚು ಸುಂಟರಗಾಳಿಗಳು ದಾಖಲಾದರೂ ಒಂದು ನಿರ್ದಿಷ್ಟ ಊರಿಗೆ ಅದು ಬರುವುದು ಅಪರೂಪ. ಆದುದರಿಂದ ಉಪಕರಣವೇ ಚಲಿಸಬೇಕಾಗಿತ್ತು.

1980ರ ದಶಕದ ಆರಂಭದಲ್ಲಿ ಪೀಪಾಯಿಯಂತಹ ಪೆಟ್ಟಿಗೆಯಲ್ಲಿ ಮಾಪಕಗಳನ್ನು ತುಂಬಿ ಸುಂಟರಗಾಳಿಯ ದಾರಿಯಲ್ಲಿ ಇಟ್ಟುಬರುವ ಪ್ರಯತ್ನ ನಡೆದು, ನಿರೀಕ್ಷಿಸಿದ ಫಲ ಕೊಡಲಿಲ್ಲ. ಅನಂತರ ಒಕ್ಲಹೋಮ ವಿಶ್ವವಿದ್ಯಾನಿಲಯದ ಹೊವಾರ್ಡ್ ಬ್ಲೂಸ್ಟೀನ್ ಮತ್ತು ಅವರ ವಿದ್ಯಾರ್ಥಿಗಳು ಕೈಯಲ್ಲಿ ಹೊತ್ತೊಯ್ಯಬಹುದಾದ ಸಣ್ಣ ಡಾಪ್ಲರ್ ರೇಡಾರನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ, 1991ರ ಏಪ್ರಿಲ್ 26ರಂದು ರೆಡ್ ರಾಕ್ ಎಂಬಲ್ಲಿ ಸೆಕೆಂಡಿಗೆ 120 ಮೀಟರಿಗೂ ಮಿಕ್ಕಿದ ಗಾಳಿಯನ್ನು ಅಳೆದರು. ವೇಗ ಸಿಕ್ಕಿತು, ಸುಳಿಯ ಒಳಗಿನ ಚಿತ್ರ ಸಿಗಲಿಲ್ಲ.

ಆ ಚಿತ್ರವನ್ನು ಕೊಟ್ಟದ್ದು ‘ಡಾಪ್ಲರ್ ಆನ್ ವೀಲ್ಸ್’, ಎಂದರೆ ‘ಚಕ್ರಗಳ ಮೇಲಿನ ಡಾಪ್ಲರ್’. 1995ರಲ್ಲಿ ಜೋಶುವಾ ವರ್ಮನ್ ಮತ್ತು ಸಂಗಡಿಗರು ಬೇರೆ ಕಡೆ ಬಳಸಿ ಉಳಿದಿದ್ದ ಬಿಡಿಭಾಗಗಳನ್ನೂ ಸೇರಿಸಿಕೊಂಡು ಇದನ್ನು ಲಾರಿಯ ಮೇಲೆ ಜೋಡಿಸಿದರು. ಇಲ್ಲಿ ಒಂದು ಸರಳ ಪ್ರಮಾಣ ಕೆಲಸಕ್ಕೆ ಬಂದಿತು. ಕಿರಣದ ಅಗಲವು ತರಂಗದೂರಕ್ಕೂ ಆಂಟೆನಾದ ವ್ಯಾಸಕ್ಕೂ ಇರುವ ಅನುಪಾತವನ್ನು ಅವಲಂಬಿಸಿದೆ. ಸ್ಥಿರ ಜಾಲದ ರೇಡಾರುಗಳ ತರಂಗದೂರ 10 ಸೆಂ.ಮೀ.; ಸುಮಾರು 1 ಡಿಗ್ರಿಯ ಕಿರಣಕ್ಕಾಗಿ ಅವುಗಳಿಗೆ 8.5 ಮೀಟರ್ ವ್ಯಾಸದ ತಟ್ಟೆ ಬೇಕು. ಅದನ್ನು ಹೊತ್ತು ರಸ್ತೆಯಲ್ಲಿ ಓಡಾಡುವುದು ಸಾಧ್ಯವಿಲ್ಲ. ತರಂಗದೂರವನ್ನು 3 ಸೆಂ.ಮೀ.ಗೆ ಇಳಿಸಿದರೆ 2.4 ಮೀಟರ್ ತಟ್ಟೆಯಿಂದಲೇ ಅಷ್ಟೇ ತೆಳುವಾದ ಕಿರಣ ದೊರೆಯುತ್ತದೆ. 2.4 ಮೀಟರ್ ಲಾರಿಯ ಅಗಲದಷ್ಟು.

ಅಳತೆಗೆ ಮೊದಲು ಲಾರಿಯನ್ನು ನಿಲ್ಲಿಸಿ, ಕೆಳಗಿನಿಂದ ಜಾಕುಗಳನ್ನು ಊರಿ ಸಮತಟ್ಟು ಮಾಡಬೇಕು. ಆಂಟೆನಾ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ನಿಖರವಾಗಿ ತಿಳಿದಿರಬೇಕು. ಮರ, ಗುಡ್ಡ, ಕಟ್ಟಡಗಳು ಅಡ್ಡ ಬರಕೂಡದು. ಬಿರುಗಾಳಿ ದಿಕ್ಕು ಬದಲಿಸಿದರೆ ಹೊರಡಲು ಒಂದು ಒಳ್ಳೆಯ ರಸ್ತೆ ಇರಬೇಕು. 1995ರ ಜೂನ್ 2ರಂದು ಟೆಕ್ಸಾಸ್ ರಾಜ್ಯದ ಡಿಮಿಟ್ ಎಂಬ ಊರಿನ ಬಳಿ ಇವೆಲ್ಲವೂ ಕೂಡಿಬಂದುವು. ಪರದೆಯ ಮೇಲೆ ಸುಂಟರಗಾಳಿಯ ನಡುವೆ ಮಾರ್ದನಿ ತೀರ ಕಡಿಮೆಯಿರುವ ‘ಕಣ್ಣು’, ಅದರ ಸುತ್ತ ಗಾಳಿ ಎತ್ತಿಕೊಂಡ ಮಣ್ಣು ಕಸದ ಉಂಗುರ, ಕಣ್ಣಿನ ಒಳಗೆ ಗಾಳಿ ಕೆಳಕ್ಕೆ ಇಳಿಯುತ್ತಿರುವ ಸೂಚನೆ ಕಂಡುವು.

ಹತ್ತಿರದಿಂದ ತಿಳಿದದ್ದು

1999ರ ಮೇ 3ರಂದು ಒಕ್ಲಹೋಮದ ಬ್ರಿಜ್ ಕ್ರೀಕ್ ಮತ್ತು ಮೂರ್ ಊರುಗಳ ಮೇಲೆ ಹಾದುಹೋಗಿ 36 ಜನರ ಸಾವಿಗೆ ಕಾರಣವಾದ ಸುಂಟರಗಾಳಿಯಲ್ಲಿ ಚಲಿಸುವ ರೇಡಾರ್ ಗಂಟೆಗೆ ಸುಮಾರು 480 ಕಿ.ಮೀ. ವೇಗದ ಗಾಳಿಯನ್ನು ಅಳೆಯಿತು. ಭೂಮಿಯ ಮೇಲೆ ಅಳೆದ ಅತಿ ರಭಸದ ಗಾಳಿಗಳ ಸಾಲಿನಲ್ಲಿ ಅದು ಇಂದಿಗೂ ಮುಂದಿದೆ. 2009 ಮತ್ತು 2010ರಲ್ಲಿ ನಡೆದ ‘ವೋರ್ಟೆಕ್ಸ್-2’ ಎಂಬ ಯೋಜನೆಯಲ್ಲಿ ಹಲವು ರೇಡಾರ್ ಲಾರಿಗಳೂ ಹತ್ತಾರು ವಾಹನಗಳೂ ಒಂದಾಗಿ ಸಂಚರಿಸಿದುವು. 2009ರ ಜೂನ್ 5ರಂದು ವಯೋಮಿಂಗ್ ರಾಜ್ಯದ ಗೋಶೆನ್ ಕೌಂಟಿಯಲ್ಲಿ ಒಂದು ಸುಂಟರಗಾಳಿಯನ್ನು ಹುಟ್ಟುವ ಮೊದಲಿನಿಂದ ಅಡಗುವವರೆಗೆ ಅವು ನೋಡಿದುವು.

ಇಂತಹ ಅಳತೆಗಳು ಹಳೆಯ ಕಲ್ಪನೆಯೊಂದನ್ನು ಅಲುಗಾಡಿಸಿದುವು. ಸುಂಟರಗಾಳಿ ಮೋಡದಲ್ಲಿ ಹುಟ್ಟಿ ಸೊಂಡಿಲಿನಂತೆ ಕೆಳಕ್ಕೆ ಇಳಿಯುತ್ತದೆ ಎಂದು ಬಹುಕಾಲ ಹೇಳಲಾಗುತ್ತಿತ್ತು. ಕಣ್ಣಿಗೆ ಕಾಣುವುದೂ ಹಾಗೆಯೇ. ಆದರೆ ಕೆಲವೇ ಸೆಕೆಂಡುಗಳಿಗೊಂದು ಚಿತ್ರ ಕೊಡುವ ರೇಡಾರುಗಳಿಂದ ಜಾನಾ ಹೌಸರ್ ಮತ್ತು ಸಂಗಡಿಗರು ನಾಲ್ಕು ಸುಂಟರಗಾಳಿಗಳನ್ನು ಪರಿಶೀಲಿಸಿ 2018ರಲ್ಲಿ ಮಂಡಿಸಿದ ಫಲಿತಾಂಶದಂತೆ, ಅವುಗಳಲ್ಲಿ ಒಂದೂ ಮೇಲಿನಿಂದ ಕೆಳಕ್ಕೆ ಬೆಳೆದಿರಲಿಲ್ಲ. ನೆಲದ ಬಳಿಯಲ್ಲಿಯೇ ಸುಳಿ ಮೊದಲು ಬಲಗೊಂಡಿತ್ತು, ಅಥವಾ ಎಲ್ಲ ಎತ್ತರಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೆ ಮೂಡಿತ್ತು.

ಇದರ ಪರಿಣಾಮವನ್ನು ಯೋಚಿಸಬೇಕು. ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರವನ್ನು ನೋಡುವ ಸ್ಥಿರ ರೇಡಾರ್, ಮೇಲಿನ ಸುಳಿ ಬಲಿಯುವುದನ್ನು ಕಾದು ಎಚ್ಚರಿಕೆ ಕೊಡುವುದಾದರೆ, ಅಷ್ಟು ಹೊತ್ತಿಗೆ ಸುಂಟರಗಾಳಿ ನೆಲದ ಮೇಲೆ ಇರಬಹುದು. ಕಾಯದೆ, ಮೋಡ ತಿರುಗುತ್ತಿದೆ ಎಂಬಷ್ಟರಿಂದಲೇ ಎಚ್ಚರಿಕೆ ಕೊಟ್ಟರೆ ಅನೇಕ ಸಲ ಅದು ಹುಸಿಯಾಗುತ್ತದೆ. ರೇಡಾರಿನಲ್ಲಿ ತಿರುಗುವಂತೆ ಕಂಡ ಮೋಡಗಳಲ್ಲಿ ಸುಂಟರಗಾಳಿ ಹುಟ್ಟುವುದು ಸುಮಾರು ನಾಲ್ಕರಲ್ಲಿ ಒಂದರಿಂದ ಮಾತ್ರ. ಪದೇ ಪದೇ ಹುಸಿಯಾದ ಎಚ್ಚರಿಕೆಯನ್ನು ಜನ ಲಕ್ಷಿಸುವುದಿಲ್ಲ. ಯಾವ ಮೋಡ ಸುಂಟರಗಾಳಿಯನ್ನು ಹೆರುತ್ತದೆ, ಯಾವುದು ಹೆರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಬೇಕಿರುವುದು ಇದಕ್ಕಾಗಿ.

ಇನ್ನೊಂದು ಫಲಿತಾಂಶ ಕಟ್ಟಡಗಳಿಗೆ ಸಂಬಂಧಿಸಿದ್ದು. ಸುಂಟರಗಾಳಿಯ ಬಲವನ್ನು ಅದು ಮಾಡಿದ ಹಾನಿಯಿಂದ ಅಂದಾಜು ಮಾಡುವ ಶ್ರೇಣಿಯನ್ನು 1971ರಲ್ಲಿ ಟೆಟ್ಸುಯಾ ಫುಜಿಟಾ ರೂಪಿಸಿದರು. 2007ರಿಂದ ಅದರ ಪರಿಷ್ಕೃತ ರೂಪ ಅಮೆರಿಕದಲ್ಲಿ ಬಳಕೆಯಲ್ಲಿದೆ. ಸೊನ್ನೆಯಿಂದ 5ರವರೆಗಿನ ಶ್ರೇಣಿ ಅದು. ಆದರೆ ಖಾಲಿ ಹೊಲದಲ್ಲಿ ಬೀಸಿದ ಗಾಳಿ ಮುರಿಯುವುದಾದರೂ ಏನನ್ನು? ಜೋಶುವಾ ವರ್ಮನ್, ಕ್ಯಾರನ್ ಕೊಸಿಬಾ ಮತ್ತು ಸಂಗಡಿಗರು 120 ಸುಂಟರಗಾಳಿಗಳ ಚಲಿಸುವ ರೇಡಾರ್ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದರು. ಹಾನಿಯಿಂದ ಊಹಿಸಿದುದಕ್ಕಿಂತ ಅವುಗಳ ಗಾಳಿ ಬಹಳ ಪ್ರಬಲವಾಗಿತ್ತು. ಐದರಲ್ಲಿ ಒಂದಕ್ಕಿಂತ ಹೆಚ್ಚು ಸುಂಟರಗಾಳಿಗಳಿಗೆ, ಊರಿನ ಮೇಲೆ ಹಾದಿದ್ದರೆ, 4 ಅಥವಾ 5ನೆಯ ಶ್ರೇಣಿಯ ಹಾನಿ ಮಾಡುವ ಸಾಮರ್ಥ್ಯವಿತ್ತು. ಹಾನಿ ಆಗಲಿಲ್ಲ ಎಂದ ಮಾತ್ರಕ್ಕೆ ಅಪಾಯ ಇರಲಿಲ್ಲ ಎಂದಲ್ಲ.

ಈ ಅಂಕಿ ಅಂಶ ಶಾಲೆಗಳಿಗೆ ನೇರವಾಗಿ ತಾಗುತ್ತದೆ. 2013ರ ಮೇ 20ರಂದು ಅದೇ ಮೂರ್ ಪಟ್ಟಣದ ಮೇಲೆ 5ನೆಯ ಶ್ರೇಣಿಯ ಸುಂಟರಗಾಳಿ ಮತ್ತೆ ಬಂದಿತು. ಅದರಿಂದ 24 ಜನ ಸತ್ತರು. ಅವರಲ್ಲಿ 7 ಮಕ್ಕಳು ಒಂದು ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿದ್ದವರು. ಮರುವರ್ಷ ಆ ಪಟ್ಟಣವು ಹೊಸ ಮನೆಗಳು ಗಂಟೆಗೆ 217 ಕಿ.ಮೀ. ವೇಗದ ಗಾಳಿಯನ್ನು ತಾಳಬೇಕೆಂದು ಕಟ್ಟಡದ ನಿಯಮಗಳನ್ನು ಬಿಗಿಗೊಳಿಸಿತು. ಯಾವ ಎತ್ತರದಲ್ಲಿ ಎಷ್ಟು ಗಾಳಿ ಬೀಸುತ್ತದೆ ಎಂಬ ಅಳತೆಯಿಲ್ಲದೆ ಗೋಡೆ, ಛಾವಣಿಗಳಿಗೆ ನಿಯಮ ಬರೆಯುವುದು ಸಾಧ್ಯವಿಲ್ಲ.

ಎಲ್ ರೆನೊ

ಮೂರ್ ಪಟ್ಟಣದ ಆ ದುರಂತವಾಗಿ 11 ದಿನಗಳ ಮೇಲೆ, 2013ರ ಮೇ 31ರಂದು, ಒಕ್ಲಹೋಮದ ಎಲ್ ರೆನೊ ಬಳಿ ಹುಟ್ಟಿದ ಸುಂಟರಗಾಳಿ 4.2 ಕಿ.ಮೀ. ಅಗಲಕ್ಕೆ ಬೆಳೆಯಿತು. ಅಳತೆಗೆ ಸಿಕ್ಕ ಸುಂಟರಗಾಳಿಗಳಲ್ಲಿ ಅದೇ ಅತ್ಯಂತ ಅಗಲವಾದದ್ದು. ಒಕ್ಲಹೋಮ ವಿಶ್ವವಿದ್ಯಾನಿಲಯದ ‘ರ್‍ಯಾಕ್ಸ್‌ಪೋಲ್’ ಎಂಬ ಲಾರಿ ರೇಡಾರ್ ಅಲ್ಲಿತ್ತು. ಅದರ ಆಂಟೆನಾ 2 ಸೆಕೆಂಡುಗಳಲ್ಲಿ ಒಂದು ಸುತ್ತು ತಿರುಗಬಲ್ಲದು. ದೊಡ್ಡ ಸುಳಿಯೊಳಗೆ ಸಣ್ಣ ಉಪಸುಳಿಗಳು ಭೀಕರ ವೇಗದಲ್ಲಿ ಸುತ್ತುತ್ತಿದ್ದುದನ್ನು ಅದು ದಾಖಲಿಸಿತು. ಗಾಳಿ ಗಂಟೆಗೆ ಸುಮಾರು 470 ಕಿ.ಮೀ. ಮುಟ್ಟಿತ್ತು.

ಟಿಮ್ ಸಮಾರಸ್ ಅದೇ ಸಂಜೆ ಅಲ್ಲಿದ್ದರು. ನೆಲದ ಮಟ್ಟದ ಒತ್ತಡವನ್ನು ಅಳೆಯುವ ಚಪ್ಪಟೆಯಾದ ಉಪಕರಣಗಳನ್ನು ಸುಂಟರಗಾಳಿಯ ದಾರಿಯಲ್ಲಿ ಇಟ್ಟುಬರುವುದರಲ್ಲಿ ಅವರು ನಿಪುಣರು. 2003ರ ಜೂನ್ 24ರಂದು ದಕ್ಷಿಣ ಡಕೋಟದ ಮ್ಯಾಂಚೆಸ್ಟರಿನಲ್ಲಿ 100 ಮಿಲಿಬಾರುಗಳ ಒತ್ತಡದ ಕುಸಿತವನ್ನು ಅವರ ಉಪಕರಣ ದಾಖಲಿಸಿತ್ತು. ಎಲ್ ರೆನೊದಲ್ಲಿ ಸುಂಟರಗಾಳಿ ಹಠಾತ್ತನೆ ಅಗಲವಾಗಿ, ದಿಕ್ಕು ಬದಲಿಸಿ, ವೇಗ ಹೆಚ್ಚಿಸಿಕೊಂಡಿತು. ಟಿಮ್, ಅವರ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ತಮ್ಮ ಕಾರಿನಲ್ಲಿಯೇ ಸಿಕ್ಕಿಕೊಂಡು ಸತ್ತರು. ಅಂದು ಸುಂಟರಗಾಳಿಗೆ ಸಿಕ್ಕಿ ಸತ್ತ 8 ಮಂದಿ ವಾಹನಗಳಲ್ಲಿದ್ದವರು. ಮೂರ್ ದುರಂತದ ನೆನಪು ಹಸಿಯಾಗಿದ್ದುದರಿಂದ ಬಹಳ ಜನ ಮನೆ ಬಿಟ್ಟು ಕಾರುಗಳಲ್ಲಿ ಹೊರಟು, ಹೆದ್ದಾರಿಗಳು ತುಂಬಿ ನಿಂತಿದ್ದುವು. ಸುಂಟರಗಾಳಿ ಆ ಸಾಲುಗಳನ್ನು ತಲಪುವ ಮೊದಲೇ ಅಡಗಿತು.

ಆ ಸುಂಟರಗಾಳಿ ಬಹುಪಾಲು ಹೊಲಗಳ ಮೇಲೆ ಹಾದುಹೋಗಿತ್ತು. ರೇಡಾರ್ ಅಳತೆಯ ಆಧಾರದಿಂದ ಮೊದಲು ಅದನ್ನು 5ನೆಯ ಶ್ರೇಣಿಗೆ ಸೇರಿಸಿದರು. ಶ್ರೇಣಿ ಹಾನಿಯನ್ನೇ ಆಧರಿಸಬೇಕೆಂಬ ನಿಯಮದಂತೆ ಅನಂತರ ಅದನ್ನು 3ಕ್ಕೆ ಇಳಿಸಿದರು. ಒಂದೇ ಗಾಳಿಗೆ ಎರಡು ಅಳತೆಗೋಲುಗಳು ಎರಡು ಉತ್ತರ ಕೊಟ್ಟುವು. ಎರಡೂ ತಮ್ಮ ತಮ್ಮ ಪ್ರಶ್ನೆಗೆ ಸರಿಯಾದ ಉತ್ತರಗಳೇ. ಆದರೆ ಪ್ರಶ್ನೆಗಳು ಬೇರೆ. ಗಾಳಿ ಎಷ್ಟು ಬಲವಾಗಿತ್ತು ಎಂಬುದು ಒಂದು. ಅದು ಏನನ್ನು ಕೆಡವಿತು ಎಂಬುದು ಇನ್ನೊಂದು.

ಲಾರಿ ರೇಡಾರಿನ ಮಿತಿಗಳು

ಹತ್ತಿರ ಹೋದ ರೇಡಾರಿಗೂ ಕಾಣದ ಸಂಗತಿಗಳಿವೆ. 3 ಸೆಂ.ಮೀ. ತರಂಗವನ್ನು ಜಡಿಮಳೆ ಬಹಳವಾಗಿ ಹೀರಿಕೊಳ್ಳುತ್ತದೆ. ಮಳೆಯ ತೆರೆಯ ಹಿಂದಿನದು ಮಸುಕಾಗುತ್ತದೆ. ಸ್ಥಿರ ಜಾಲದ 10 ಸೆಂ.ಮೀ. ತರಂಗ ಮಳೆಯನ್ನು ಸುಲಭವಾಗಿ ತೂರಿಹೋಗುತ್ತದೆ. ಲಾರಿಗೆ ಒಪ್ಪುವ ಸಣ್ಣ ತಟ್ಟೆಗಾಗಿ ತೆತ್ತ ಬೆಲೆ ಇದು. ಎರಡನೆಯದಾಗಿ, ರೇಡಾರ್ ಅಳೆಯುವುದು ಗಾಳಿಯನ್ನಲ್ಲ, ಗಾಳಿ ಹೊತ್ತ ಹನಿ ಮತ್ತು ಕಸವನ್ನು. ಭಾರವಾದ ಚೂರುಗಳು ಸುಳಿಯಿಂದ ಹೊರಕ್ಕೆ ಎಸೆಯಲ್ಪಡುವುದರಿಂದ ಅವುಗಳ ವೇಗ ಗಾಳಿಯ ವೇಗಕ್ಕೆ ಸಮನಾಗಿ ಇರಲಾರದು. ಮೂರನೆಯದಾಗಿ, ಒಂದು ರೇಡಾರಿಗೆ ತನ್ನತ್ತ ಬರುವ ಅಥವಾ ತನ್ನಿಂದ ದೂರ ಹೋಗುವ ಚಲನೆ ಮಾತ್ರ ತಿಳಿಯುತ್ತದೆ. ಅಡ್ಡಲಾಗಿ ಹಾಯುವ ಗಾಳಿ ಅದಕ್ಕೆ ನಿಂತಂತೆಯೇ ಕಾಣುತ್ತದೆ. ಅದಕ್ಕಾಗಿ ಎರಡು ಲಾರಿಗಳನ್ನು ಬೇರೆ ಬೇರೆ ಕೋನಗಳಲ್ಲಿ ನಿಲ್ಲಿಸುತ್ತಾರೆ. ಕೊನೆಯದಾಗಿ, ಕಿರಣ ಎಷ್ಟೇ ತಗ್ಗಿದರೂ ನೆಲಕ್ಕೆ ಅಂಟಿದ ಕೆಲವು ಹತ್ತು ಮೀಟರುಗಳು ಸಾಮಾನ್ಯವಾಗಿ ಉಳಿದೇ ಹೋಗುತ್ತವೆ. ನಮ್ಮ ಮನೆಗಳ ಎತ್ತರವೇ ಅದು.

ಊರೂರಿಗೆ ಎಚ್ಚರಿಕೆ ಕೊಡುವುದು ಇಂದಿಗೂ ಸ್ಥಿರ ಜಾಲದ ಕೆಲಸವೇ. ಆ ಜಾಲಕ್ಕೆ ಕಾಣುವ ಮಸುಕು ಚಿಹ್ನೆಯ ಅರ್ಥವೇನು ಎಂಬುದನ್ನು ಹತ್ತಿರದ ಅಳತೆಯೊಂದಿಗೆ ಹೋಲಿಸಿ ಕಲಿಸಿಕೊಡುವುದು ಲಾರಿ ರೇಡಾರಿನ ಕೆಲಸ.

ನಮ್ಮ ಸುತ್ತಿನಲ್ಲಿ

ನಮ್ಮ ಪ್ರದೇಶಗಳು ಅಮೆರಿಕದ ಬಯಲುನಾಡಿನಂತಹ ಸುಂಟರಗಾಳಿಯ ನೆಲವಲ್ಲ. ಉಪಖಂಡದಲ್ಲಿ ಅವು ಹೆಚ್ಚಾಗಿ ಬರುವುದು ಬಾಂಗ್ಲಾದೇಶ ಮತ್ತು ಅದರ ಸುತ್ತಿನ ಪೂರ್ವ ಭಾರತಕ್ಕೆ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದಲ್ಲಿ ಬೀಸಿದ ಒಂದೇ ಸುಂಟರಗಾಳಿಗೆ ಸುಮಾರು 1,300 ಜನ ಬಲಿಯಾದರೆಂದು ಅಂದಾಜು. ಆದರೆ ಬಾಗಿದ ಭೂಮಿ, ಹರಡುವ ಕಿರಣ ಎಂಬ ಎರಡು ಕಟ್ಟುಗಳು ಎಲ್ಲ ದೇಶದ ರೇಡಾರಿಗೂ ಒಂದೇ. ನೀಲಗಿರಿ, ವಯನಾಡುಗಳಲ್ಲಿ ಬೆಟ್ಟದ ಮರೆ ಎಂಬ ಮೂರನೆಯದೂ ಸೇರುತ್ತದೆ. ಭಾರತದ ಹವಾಮಾನ ಇಲಾಖೆಯ ಮೊದಲ ಡಾಪ್ಲರ್ ಹವಾಮಾನ ರೇಡಾರ್ 2002ರಲ್ಲಿ ಚೆನ್ನೈಯಲ್ಲಿ ಕಾರ್ಯಾರಂಭ ಮಾಡಿತು. ಗೋವೆಯ ಪಣಜಿಯಲ್ಲಿಯೂ ಒಂದಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಚಲಿಸಬಲ್ಲ 3 ಸೆಂ.ಮೀ. ರೇಡಾರನ್ನು ಪಶ್ಚಿಮ ಘಟ್ಟದ ಮಾಂಢರದೇವಿ ಬೆಟ್ಟದ ಮೇಲೆ ನಿಲ್ಲಿಸಿ ಮುಂಗಾರು ಮೋಡಗಳನ್ನು ಅಭ್ಯಸಿಸಿದ್ದಾರೆ. ಸೊಲ್ಲಾಪುರದ ಸುತ್ತ ಮೋಡಬಿತ್ತನೆಯ ಪ್ರಯೋಗ ನಡೆಸಿದಾಗಲೂ ಅದೇ ಸಂಸ್ಥೆಯ ರೇಡಾರ್ ಅಲ್ಲಿಯ ಮಳೆಮೋಡಗಳನ್ನು ನೋಡುತ್ತಿತ್ತು.

ತರಗತಿಯಲ್ಲಿ ಮಾಡಬಹುದಾದುವು

1. ಒಂದು ದಾರದ ಒಂದು ತುದಿಯನ್ನು ಗೋಡೆಗೆ ಕಟ್ಟಿ 57 ಅಡಿ ಉದ್ದಕ್ಕೆ ಎಳೆಯಿರಿ. ಆ ತುದಿಯಲ್ಲಿ ಅಡ್ಡಲಾಗಿ ಇಟ್ಟ 1 ಅಡಿಯ ಅಳತೆಪಟ್ಟಿ ಗೋಡೆಯ ಬಿಂದುವಿನಿಂದ ನೋಡುವವನಿಗೆ ಸುಮಾರು 1 ಡಿಗ್ರಿ ಕೋನವಾಗುತ್ತದೆ. ದಾರದ ನಡುವೆ ಅದೇ ಕೋನಕ್ಕೆ ಅರ್ಧ ಅಡಿ ಸಾಕು ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಅನಂತರ 10, 50, 100 ಕಿ.ಮೀ.ಗಳಿಗೆ ಕಿರಣದ ಅಗಲವನ್ನು ಲೆಕ್ಕ ಮಾಡಿಸಿರಿ.

2. ದೂರದ ವರ್ಗವನ್ನು 12,740 ಕಿ.ಮೀ.ನಿಂದ ಭಾಗಿಸಿ 25, 50, 100, 200 ಕಿ.ಮೀ.ಗಳಿಗೆ ನೆಲದ ಇಳಿತವನ್ನು ಕೋಷ್ಟಕದಲ್ಲಿ ಬರೆಸಿರಿ. ದೂರ ಎರಡರಷ್ಟಾದಾಗ ಇಳಿತ ನಾಲ್ಕರಷ್ಟಾಗುವುದನ್ನು ಗಮನಿಸಲಿ. ತಮ್ಮ ಊರಿಗೆ ಹತ್ತಿರದ ಡಾಪ್ಲರ್ ರೇಡಾರ್ ಎಷ್ಟು ದೂರದಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಅಳೆದು, ಅದಕ್ಕೆ ತಮ್ಮ ಊರಿನ ಮೇಲೆ ಯಾವ ಎತ್ತರದಿಂದ ಮಳೆ ಕಾಣಬಹುದು ಎಂದು ಹೇಳಲಿ.

3. ಗಾಳಿಗೆ ಸಂಬಂಧಿಸಿದ ಪದಗಳನ್ನು ಮನೆಯಲ್ಲಿ, ನೆರೆಯಲ್ಲಿ ಆಡುವ ಎಲ್ಲ ಭಾಷೆಗಳಿಂದ ಸಂಗ್ರಹಿಸಿ, ಪ್ರತಿಯೊಂದೂ ಧೂಳುಸುಳಿ, ಸುಂಟರಗಾಳಿ, ಚಂಡಮಾರುತಗಳಲ್ಲಿ ಯಾವುದಕ್ಕೆ ಸಲ್ಲುತ್ತದೆ ಎಂದು ಹಿರಿಯರನ್ನು ಕೇಳಿ ಬರೆಯಲಿ.

ಮೂರನೆಯ ಚಟುವಟಿಕೆಯನ್ನು ಕೇವಲ ಭಾಷೆಯ ಅಭ್ಯಾಸವೆಂದು ಬಿಡಬಾರದು. ಗಡಿನಾಡಿನ ಮಗುವಿಗೆ ಹವಾಮಾನದ ಎಚ್ಚರಿಕೆ ಹಲವು ಸಲ ಶಾಲೆಯ ಭಾಷೆಯಲ್ಲಿ ಅಲ್ಲ, ರಾಜ್ಯದ ಭಾಷೆಯಲ್ಲಿ ಬರುತ್ತದೆ. ಆ ಪದ ಯಾವ ಗಾಳಿಯನ್ನು ಹೇಳುತ್ತಿದೆ ಎಂಬುದು ಮಗುವಿಗೂ ಮನೆಯವರಿಗೂ ತಿಳಿದಿರಬೇಕು. ಎಲ್ ರೆನೊದಲ್ಲಿ ರೇಡಾರ್ ಸುಂಟರಗಾಳಿಯನ್ನು ಕಂಡಿತ್ತು, ಎಚ್ಚರಿಕೆಯೂ ಹೊರಟಿತ್ತು. ಆದರೂ ಜನ ರಸ್ತೆಯಲ್ಲಿದ್ದರು. ಉಪಕರಣ ಕಂಡದ್ದು ಜನರ ತಿಳಿವಳಿಕೆಗೆ ಬಂದು, ಅವರು ಸರಿಯಾದ ಆಶ್ರಯಕ್ಕೆ ಸೇರಿದಾಗ ಮಾತ್ರ ಅಳತೆಯ ಕೆಲಸ ಪೂರ್ಣವಾಗುತ್ತದೆ. ಆ ದಾರಿಯ ಕೊನೆಯ ತುಂಡನ್ನು ಕಟ್ಟುವುದರಲ್ಲಿ ಶಿಕ್ಷಕರಿಗೆ ಪಾಲಿದೆ.